ಫಿಯರಸ್ ಎಂಬ ಪದವಿಲ್ಲ

ಚಿಕ್ಕಪ್ಪ ಮೈಸೂರಿನ ಕಾಲೇಜು ಬಿಟ್ಟು ಊರಿಗೆ ಬಂದ ದಿನ ಮನೆಯಲ್ಲಿ ಯಾರೂ ಅವನನ್ನು ಯಾಕೆ ಬಂದೆ ಎಂದು ಕೇಳಲಿಲ್ಲ. ತಗಡಿನ ಟ್ರಂಕು ಹೊತ್ತು ಅಂಗಳದಲ್ಲಿ ನಿಂತವನಿಗೆ ಅವ್ವ ಕಾಲಿಗೆ ನೀರು ಕೊಟ್ಟಳು. ಅಜ್ಜಿ ಹಣೆಗೆ ಹಚ್ಚಿಕೊಳ್ಳಲು ಈಬೂತಿಗಟ್ಟಿ ತಂದು ಮುಂದಿಟ್ಟಳು. ಅಪ್ಪ ಹೊಲದಿಂದ ಬಂದವನು ಅವನ ಪಕ್ಕದಲ್ಲೇ ಕೂತು ಉಪ್ಸಾರಿಗೆ ಮುದ್ದೆ ಅದ್ದಿ ಉಂಡ. ಊಟ ಮುಗಿಯುವವರೆಗೂ ನಮ್ಮೂರು ತಿಗನಾರೆಯಲ್ಲಿ ಆ ವರ್ಷ ಹಂದಿ ಯಾರ ಯಾರ ಹೊಲಕ್ಕೆ ನುಗ್ಗಿತು ಎಂಬುದೇ ಮಾತು. ಕೈ ತೊಳೆಯಲು ಎದ್ದಾಗ ಚಿಕ್ಕಪ್ಪನೇ ತಾನಾಗಿ ಹೇಳಿದ. ಪರೀಕ್ಷೆಗೆ ಕೂತಾಗ ಕೈ ನಡುಗಿತಂತೆ. ಪೆನ್ನು ಹಿಡಿದರೂ ಒಂದಕ್ಷರ ಮೂಡಲಿಲ್ಲವಂತೆ. ಎದ್ದು ಬಂದನಂತೆ. ಮರುದಿನದ ಪರೀಕ್ಷೆಯಲ್ಲೂ ಅದೇ ಆಯಿತಂತೆ. ಅಲ್ಲಿನ ಡಾಕ್ಟರು ನೋಡಿ ನರ್ವಸ್ ಎಂದರಂತೆ. ಅಪ್ಪನಿಗೆ ಆ ಮಾತಿನಲ್ಲಿ ನರ ಎನ್ನುವುದಷ್ಟೇ ಕೇಳಿಸಿತು. ನರದ ಕಾಯಿಲೆ ತಾನೇ, ಎಣ್ಣೆ ತಿಕ್ಕಿದರೆ ಹೋಗುತ್ತದೆ ಎಂದ. ಅವತ್ತಿನಿಂದ ಹಲವು ವಾರ, ಊರಿಗೇ ಮೊದಲು ಪದವಿ ತರಬೇಕಾಗಿದ್ದ ತಮ್ಮನ ಕೈಗಳಿಗೆ ಅಪ್ಪ ಜಗಲಿಯಲ್ಲಿ ಕೂತು ಹರಳೆಣ್ಣೆ ತಿಕ್ಕುತ್ತಿದ್ದ. ಅಜ್ಜಿ ಎಲ್ಲಿಂದಲೋ ಕಪ್ಪು ದಾರ ತಂದು ಅದೇ ಕೈಗೆ ಕಟ್ಟಿದಳು.

ಅವನಿಗೆ ಮಲಗಲು ಕೊಟ್ಟದ್ದು ಕಣಜದ ಕೋಣೆ. ನಡುಮನೆಗೆ ಅಂಟಿಕೊಂಡ ಆ ಕತ್ತಲೆ ಕೋಣೆಯಲ್ಲಿ ಸಗಣಿ ಬಳಿದ ಬಿದಿರಿನ ಕಣಜ ಅರ್ಧ ಜಾಗ ತಿಂದಿತ್ತು. ಉಳಿದರ್ಧದಲ್ಲಿ ಬಿತ್ತನೆಯ ಅವರೆ, ಹಗ್ಗದ ಸಿಂಬಿ, ಮೂಲೆಯಲ್ಲಿ ಹಳೆಯ ನೊಗ. ಮಾಡಿನಲ್ಲಿ ಒಂದು ಗಾಜಿನ ಹೆಂಚು ಹಾಕಿಸಿದ್ದರಿಂದ ಹಗಲು ಹೊತ್ತು ನೆಲದ ಮೇಲೆ ಚೌಕನೆಯ ಬೆಳಕು ಬೀಳುತ್ತಿತ್ತು. ಆ ಬೆಳಕು ಗೋಡೆಯಿಂದ ಗೋಡೆಗೆ ಸರಿದಂತೆ ಚಿಕ್ಕಪ್ಪನೂ ತನ್ನ ಚಾಪೆಯನ್ನು ಸರಿಸಿಕೊಂಡು ಓದುತ್ತಿದ್ದ. ರಾಗಿಯ ಧೂಳಿನ ವಾಸನೆ ಬಂದರೆ ನನಗೆ ಇವತ್ತಿಗೂ ಇಂಗ್ಲಿಷ್ ನೆನಪಾಗುತ್ತದೆ. ಶಾಲೆಯಲ್ಲಿ ಆಗಷ್ಟೇ ಇಂಗ್ಲಿಷ್ ಪಾಠ ಬಿಗಿಯಾಗುತ್ತಿತ್ತು. ನಮ್ಮ ಸೀಮೆ ತಮಿಳುನಾಡಿಗೆ ಸೇರಿದ್ದರಿಂದ ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಸಂತೆಯಲ್ಲಿ, ತಾಲ್ಲೂಕಾಫೀಸಿನಲ್ಲಿ ತಮಿಳು. ಎರಡರ ನಡುವೆ ಓಡಾಡಿ ಅಭ್ಯಾಸವಾಗಿದ್ದ ನಮ್ಮ ನಾಲಿಗೆಗೆ ಮೂರನೆಯದು ಒಗ್ಗುತ್ತಿರಲಿಲ್ಲ. ಅರ್ಥ ಹೇಳಲಾಗದೆ ಏಟು ತಿಂದು ಬಂದ ಒಂದು ಸಂಜೆ ನಾನು ಆ ಕೋಣೆಯ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದೆ. ಚಿಕ್ಕಪ್ಪ ಪುಸ್ತಕ ಕೆಳಗಿಟ್ಟು, ಯಾವ ಪದ ಎಂದು ಕೇಳಿದ. ಡೇಂಜರಸ್ ಎಂದೆ. ಅವನು ಒಳಗೆ ಕರೆದು ಬೆಳಕಿನಲ್ಲಿ ಕೂರಿಸಿಕೊಂಡ.

"ಮೂರೇ ಅಕ್ಷರ ಕಣವ್ವ. ಓ, ಯು, ಎಸ್. ಬಾಯಲ್ಲಿ ಬರೀ ಅಸ್. ಇದ ತಗಂಡೋಗಿ ಒಂದು ಎಸ್ರುಗೆ, ನಾಮಪದುಕ್ಕೆ ಅಂಟುಸ್ದೆ ಅಂದ್ರೆ, ಆ ಎಸ್ರು ತುಂಬ್ಕಂಬುಡ್ತದೆ."

ಡೇಂಜರ್ ಎಂದರೆ ಅಪಾಯ. ಹಾಸನೂರಿನ ದಾರಿಯಲ್ಲಿ ಫಾರೆಸ್ಟಿನವರು ನೆಟ್ಟ ಹಳದಿ ಹಲಗೆಯ ಮೇಲೆ ತಮಿಳಿನ ಕೆಳಗೆ ಬರೆದಿತ್ತಲ್ಲ, ಅದೇ. ಅದರ ಬಾಲಕ್ಕೆ ಅಸ್ ಸೇರಿದರೆ ಅಪಾಯ ತುಂಬಿದ್ದು. ಪಾಯ್ಸನ್ ಎಂದರೆ ವಿಷ, ಪಾಯ್ಸನಸ್ ಎಂದರೆ ವಿಷ ತುಂಬಿದ್ದು. ಫೇಮ್ ಎಂದರೆ ಕೀರ್ತಿ, ಅದಕ್ಕೆ ಅಸ್ ಹಚ್ಚುವಾಗ ಕೊನೆಯ ಇ ಉದುರಿ ಫೇಮಸ್ ಆಗುತ್ತದೆ. ಮೌಂಟನ್ ಎಂದರೆ ಬೆಟ್ಟ, ನಮ್ಮ ಸೀಮೆ ಮೌಂಟನಸ್. ನಾವು ಗುಣಕ್ಕೆ, ಬುದ್ಧಿಗೆ ವಂತ ಹಚ್ಚಿ ಗುಣವಂತ, ಬುದ್ಧಿವಂತ ಎನ್ನುವುದಿಲ್ಲವೇ, ಹಾಗೇ ಇದೂ ಎಂದ. ಆ ಮೂರಕ್ಷರ ಲ್ಯಾಟಿನ್ ಎಂಬ ಹಳೆಯ ಭಾಷೆಯಿಂದ ಬಂದದ್ದಂತೆ. ಅದನ್ನು ಮನೆಯಲ್ಲಿ ಆಡುವವರು ಈಗ ಯಾರೂ ಇಲ್ಲವಂತೆ. ಹೇಳುವಾಗ ಅವನ ಕೈ ನಡುಗುತ್ತಿರಲಿಲ್ಲ. ನಾನು ನೋಡುತ್ತಿದ್ದೆ. ನೆಲದ ಧೂಳಿನಲ್ಲಿ ಬೆರಳಿಂದ ಅವನು ಬರೆದ ಅಕ್ಷರಗಳು ಅಚ್ಚು ಹಾಕಿದಂತಿದ್ದವು. ಹಾಗಾದರೆ ನರ್ವಸ್ ಎಂದರೇನು ಎಂದು ಕೇಳಿದೆ. ಅದೂ ಅದೇ, ನರ್ವ್ ಎಂದರೆ ನರ, ನನ್ನಲ್ಲಿ ನರ ತುಂಬಿಕೊಂಡಿದೆ, ಬೇರೇನೂ ಹಿಡಿಸುವುದಿಲ್ಲ ಎಂದು ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಆ ಎರಡು ಮಳೆಗಾಲ ನಾವಿಬ್ಬರೂ ಹೀಗೆ ಪದ ಹುಡುಕುತ್ತಾ ಕಳೆದೆವು. ಮನೆಯ ಹೊರಗೆ ಮಾತ್ರ ಅವನಿಗೆ ಜಾಗವಿರಲಿಲ್ಲ. ನೇಗಿಲು ಹಿಡಿದರೆ ಸಾಲು ಸೊಟ್ಟಗಾಗುತ್ತಿತ್ತು. ಎತ್ತು ಜೋರಾಗಿ ಉಸಿರು ಬಿಟ್ಟರೂ ಹಿಂದೆ ಸರಿಯುತ್ತಿದ್ದ. ಅಪ್ಪ ಬೈಯುತ್ತಿರಲಿಲ್ಲ, ಬರೀ ನಿಟ್ಟುಸಿರು ಬಿಡುತ್ತಿದ್ದ. ಬೈಯುವ ಕೆಲಸ ಅಜ್ಜಿಯದು. ಅವಳಿಗೆ ಆಸೆ ಇದ್ದದ್ದೇ ಈ ಕಿರಿ ಮಗನ ಮೇಲೆ. ಓದಿ ಕೆಟ್ಟ, ಉತ್ತೂ ಕೆಟ್ಟ ಎಂದು ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು. ಅದು ಕಣಜದ ಕೋಣೆಗೆ ಕೇಳಲಿ ಎಂದೇ ಹೇಳಿದ್ದಾಗಿರುತ್ತಿತ್ತು. ಅವ್ವ ಮಾತ್ರ ಅತ್ತೆಯ ಕಣ್ಣು ತಪ್ಪಿಸಿ ಅವನ ತಣಿಗೆಗೆ ಇನ್ನೊಂದು ಚಮಚ ತುಪ್ಪ ಬಿಡುತ್ತಿದ್ದಳು.

ರಾಗಿ ತೆನೆ ಬಲಿಯುವ ಹೊತ್ತಿಗೆ ನಮ್ಮಲ್ಲಿ ಪ್ರತಿ ಮನೆಯ ಗಂಡಸರೂ ಹೊಲದಲ್ಲೇ ಇರಬೇಕು. ಹುಣಸೆ ಮರದ ಕವಲಿಗೆ ಅಟ್ಟಣೆ ಕಟ್ಟಿ, ಒಬ್ಬ ಮೇಲೆ ಕೂತು ಕಾಡಂಚು ನೋಡುವುದು, ಇನ್ನೊಬ್ಬ ಕೆಳಗೆ ಬೇಲಿಯ ಉದ್ದಕ್ಕೂ ಓಡಾಡುವುದು. ಮೇಲಿನವನ ಮುಂದೆ ತಗಡಿನ ಡಬ್ಬ, ಕೈಯಲ್ಲಿ ಕೋಲು. ಏನಾದರೂ ಅಲುಗಿದ್ದು ಕಂಡರೆ ಬಡಿದು ಕೂಗಬೇಕು. ಅಪ್ಪನ ಜೊತೆ ಕಾವಲಿಗೆ ಬರುತ್ತಿದ್ದ ನೆರೆಯವನು ಮಗಳ ಬಾಣಂತನವೆಂದು ತಾಳವಾಡಿ ಕಡೆ ಹೋಗಿದ್ದ. ಅಪ್ಪ ಬೇರೆ ದಾರಿ ಕಾಣದೆ ತಮ್ಮನನ್ನು ಕರೆದ. ನೀನು ಬರೀ ಮೇಲೆ ಕೂತ್ಕೋ, ಕಂಡರೆ ಡಬ್ಬ ಬಡಿ, ಅಷ್ಟು ಸಾಕು ಎಂದ. ಚಿಕ್ಕಪ್ಪ ಕಂಬಳಿ ಹೊದ್ದು ಹೊರಟ. ಅವ್ವ ಬಾಗಿಲಲ್ಲಿ ನಿಂತು ಇಬ್ಬರಿಗೂ ಬುತ್ತಿ ಕೊಟ್ಟಳು.

ದೀಪ ಹಚ್ಚುವ ಹೊತ್ತು. ಅಪ್ಪ ಬೇಲಿಯ ಮುರಿದ ಕಂಡಿಗೆ ಮುಳ್ಳು ತುಂಬುತ್ತಾ ಬಗ್ಗಿದ್ದ. ಹಳ್ಳದ ಕಡೆಯಿಂದ ಒಂಟಿ ಸಲಗ ಬಂತು. ನೆಲ ಒಣಗಿರಲಿಲ್ಲ, ಹೆಜ್ಜೆಯ ಸದ್ದೇ ಆಗಲಿಲ್ಲ ಎಂದು ಅಪ್ಪ ಆಮೇಲೆ ಹೇಳುತ್ತಿದ್ದ. ಅಟ್ಟಣೆಯ ಮೇಲಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಡಬ್ಬ ಸದ್ದು ಮಾಡಲಿಲ್ಲ. ಸೌದೆ ಹೊರೆ ಹೊತ್ತು ಕಾಡಂಚಿನ ತಮ್ಮ ಪೋಡಿನ ಗುಡಿಸಲುಗಳಿಗೆ ಮರಳುತ್ತಿದ್ದ ಸೋಲಿಗರು ದೂರದಿಂದ ನೋಡಿ ಬೊಬ್ಬೆ ಹಾಕಿ, ಹೊರೆ ಎಸೆದು ಓಡಿ ಬಂದರು. ಅಷ್ಟರಲ್ಲಿ ಸಲಗ ಅಪ್ಪನನ್ನು ಸೊಂಡಿಲಿನಿಂದ ಕೆಡವಿ ತೊಡೆಯ ಮೇಲೆ ಕಾಲಿಟ್ಟಿತ್ತು. ಆನೆ ಹೋದ ಮೇಲೆ ಅವರು ಮರದ ಮೇಲೆ ನೋಡಿದರೆ ಚಿಕ್ಕಪ್ಪ ಕೋಲು ಹಿಡಿದು ಹಾಗೇ ಕೂತಿದ್ದನಂತೆ. ಕಣ್ಣು ತೆರೆದೇ ಇತ್ತಂತೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೋಲು ತೆಗೆದುಕೊಳ್ಳಬೇಕಾಯಿತಂತೆ. ಮಗುವನ್ನು ಇಳಿಸಿದಂತೆ ಅವನನ್ನು ಕೆಳಗಿಳಿಸಿದರು.

ಅಪ್ಪನನ್ನು ಗಾಡಿಯಲ್ಲಿ ತಾಳವಾಡಿಗೆ, ಅಲ್ಲಿಂದ ಲಾರಿಯೊಂದರಲ್ಲಿ ಚಾಮರಾಜನಗರಕ್ಕೆ, ಕೊನೆಗೆ ಮೈಸೂರಿಗೆ ಸಾಗಿಸಿದರು. ಅವ್ವ ಜೊತೆಗೆ ಹೋದಳು. ಮನೆಯಲ್ಲಿ ಉಳಿದವರು ಅಜ್ಜಿ, ನಾನು, ಕಣಜದ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಹಾಕಿ ಕೂತ ಚಿಕ್ಕಪ್ಪ. ಮರುದಿನ ಬಸ್ಸಿನಲ್ಲಿ ಬಂದ ಊರಿನವರೊಬ್ಬರು ಅಂಗಳದಲ್ಲೇ ನಿಂತು, ಸೀರಿಯಸ್ಸಂತೆ ಎಂದರು. ಇಂಗ್ಲಿಷ್ ಎಂದರೆ ಏನೆಂದೂ ಅರಿಯದ ಅಜ್ಜಿಗೆ ಆ ಪದ ಗೊತ್ತಿತ್ತು. ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವಳು ಕಂಬ ಹಿಡಿದು ಕುಸಿದಳು. ನನಗೆ ಮಾತ್ರ ಆ ಪದದ ಕೊನೆಯ ಅಸ್ ಕಿವಿಗೆ ಬಡಿಯಿತು. ಡೇಂಜರಸ್ಸಿನಲ್ಲಿ ಡೇಂಜರ್ ಇದೆ, ಇದರಲ್ಲಿ ಏನಿದೆ? ಅಪ್ಪನಲ್ಲಿ ತುಂಬಿಕೊಂಡದ್ದು ಯಾವುದು? ನಾನು ಕಣಜದ ಕೋಣೆಗೆ ಓಡಿ ಚಿಕ್ಕಪ್ಪನ ಬೆನ್ನು ಅಲ್ಲಾಡಿಸಿ, ಸೀರಿ ಎಂದರೇನು ಹೇಳು ಎಂದು ಕೇಳಿದೆ. ಮತ್ತೆ ಮತ್ತೆ ಕೇಳಿದೆ. ಅವನು ತಿರುಗಲಿಲ್ಲ. ಬಾಲ ಕಿತ್ತರೆ ಅರ್ಥವೇ ಉಳಿಯದ ಪದಗಳೂ ಇವೆ, ಅವು ಲ್ಯಾಟಿನ್ನಿನಿಂದ ಇಡಿಯಾಗಿಯೇ ಬಂದವು ಎಂದು ನಾನು ತಿಳಿದದ್ದು ಬಹಳ ವರ್ಷದ ಮೇಲೆ, ತಮಿಳು ಹುಡುಗಿಯರ ನಡುವೆ ಕೂತು ಟೀಚರ್ ಟ್ರೈನಿಂಗ್ ಓದುವಾಗ.

ಯುಗಾದಿಯ ಹೊತ್ತಿಗೆ ಅಪ್ಪ ಮನೆಗೆ ಬಂದ. ಒಂದು ಕಾಲು ಗಿಡ್ಡವಾಗಿತ್ತು, ಮಂಡಿ ಮಡಿಸಲು ಬರುತ್ತಿರಲಿಲ್ಲ. ನೆಲದ ಮೇಲೆ ಕೂತು ಉಣ್ಣುವ ಮನೆಯಲ್ಲಿ ಅವನೊಬ್ಬನಿಗೆ ಮಣೆಯ ಮೇಲೆ ಮಣೆಯಿಟ್ಟು ಎತ್ತರ ಮಾಡಬೇಕಾಯಿತು. ಹೊಲವನ್ನು ಬೇರೆಯವರಿಗೆ ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟರು. ಚಿಕ್ಕಪ್ಪ ಆಗ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಕರೆದರೆ ಬರುತ್ತಿದ್ದ, ಕೊಟ್ಟದ್ದು ಉಣ್ಣುತ್ತಿದ್ದ, ದನಕ್ಕೆ ಹುಲ್ಲು ಹಾಕುತ್ತಿದ್ದ. ತುಟಿ ಮಾತ್ರ ತೆರೆಯುತ್ತಿರಲಿಲ್ಲ. ಒಮ್ಮೆ ಅವ್ವ ಬಡಿಸುತ್ತಾ ಮೆಲ್ಲನೆ, ಯಾಕೆ ಕೂಗಲಿಲ್ಲ ಮಾದೇವ ಎಂದು ಕೇಳಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅವನು ಬಾಯಿ ತೆರೆದ. ಮತ್ತೆ ಮುಚ್ಚಿ ತಣಿಗೆಯನ್ನು ಪಕ್ಕಕ್ಕೆ ಸರಿಸಿದ. ಅಜ್ಜಿ ಒಲೆಯ ಮುಂದಿನಿಂದ ಎದ್ದು ಬಂದಳು.

"ಅಣ್ಣನ್ನ ಆನೆ ತುಳೀತಿದ್ರೆ ನೋಡ್ಕಂಡು ಕುಂತಿದ್ದ ಬಾಯ್ಗೆ ಮುದ್ದೆ ಯಾಕ್ ಇಕ್ಕೀಯೆ?"

ಅಪ್ಪ ಮಣೆಯ ಮೇಲಿಂದ ತಲೆಯೆತ್ತದೆ ಹೇಳಿದ.

"ಬುಡವ್ವ. ನಾನು ಬದುಕಿವ್ನಲ್ಲ."

ಅಷ್ಟೇ. ಆ ಸಂಜೆಯ ಬಗ್ಗೆ ಅಪ್ಪ ತಮ್ಮನ ಎದುರು ಆಡಿದ್ದು ಅದೊಂದೇ ಮಾತು. ಅಜ್ಜಿ ಬಿಡಲಿಲ್ಲ. ಸಾಯುವವರೆಗೂ ಅವಳು ಆ ಮಗನ ಹೆಸರು ಹಿಡಿದು ಕರೆಯಲಿಲ್ಲ. ಅವಳನ್ನು ಹೊಲದಂಚಿನಲ್ಲಿ ಮಣ್ಣು ಮಾಡುವಾಗ ಅವನು ಎಲ್ಲರ ಹಿಂದೆ ನಿಂತಿದ್ದು, ಎಲ್ಲರೂ ಹೋದ ಮೇಲೆ ಒಂದು ಹಿಡಿ ಮಣ್ಣು ಹಾಕಿದ.

ಇಬ್ಬರು ಅಣ್ಣತಮ್ಮಂದಿರೂ ಹಗಲೆಲ್ಲಾ ಜಗಲಿಯ ಮೇಲೆ ಕೂತಿರುತ್ತಿದ್ದರು, ಒಬ್ಬ ಈ ತುದಿ, ಒಬ್ಬ ಆ ತುದಿ. ಮಾತಿಲ್ಲದ ಆ ಮನೆಯಲ್ಲಿ ಹೊಸ್ತಿಲು ದಾಟುವಾಗ ನಾನು ನನ್ನ ಹೆಜ್ಜೆಯ ಸದ್ದನ್ನೂ ಅಡಗಿಸುತ್ತಿದ್ದೆ. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಾಗ ಅಪ್ಪ ಕೋಲೂರಿಕೊಂಡು ಬಂದು, ಚಿಕ್ಕಪ್ಪ ನಿಂಗೆ ಹೇಳಿಕೊಡುತ್ತಿದ್ದನಲ್ಲ ಬಾಲ ಅಂಟಿಸೋದು, ಅದೇನು ಎಂದು ಕೇಳಿದ. ಹೇಳಿದೆ. ಭಯಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದ. ಫಿಯರ್ ಎಂದೆ. ಬಾಯೊಳಗೇ ಅದನ್ನು ಹೇಳಿಕೊಳ್ಳುತ್ತಾ ಹೋದ. ಆ ಮಧ್ಯಾಹ್ನ ಅವ್ವನೂ ನಾನೂ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆವು. ಅಪ್ಪ ತನ್ನ ತುದಿಯಿಂದ ತಮ್ಮನನ್ನು ಕರೆದ.

"ಮಾದೇವ, ಭಯ ತುಂಬ್ಕಂಡಿರೋನ್ಗೆ ಇಂಗ್ಲಿಷ್ನಲ್ಲಿ ಏನಂದರ್ಲಾ? ಫಿಯರಸ್ ಅನ್ಬೋದಾ?"

ಅವ್ವನ ಕೈ ನಿಂತುಹೋಯಿತು. ಅಪ್ಪ ಇಷ್ಟು ದಿನ ನುಂಗಿಕೊಂಡದ್ದನ್ನು ಹೀಗೆ ಚುಚ್ಚಿ ಆಡಿದ ಎಂದೇ ಅವಳು ತಿಳಿದಳು. ನನಗೂ ಹಾಗೇ ಅನಿಸಿತು. ಚಿಕ್ಕಪ್ಪ ಅಂಗಳವನ್ನೇ ನೋಡುತ್ತಿದ್ದ. ಅಪ್ಪ ಮತ್ತೊಮ್ಮೆ, ಫಿಯರಸ್, ಸರಿಯಾ ಎಂದ. ಚಿಕ್ಕಪ್ಪನ ಮುಖದ ಮೇಲೆ ನೋವಿನಂಥದ್ದೊಂದು ಸುಳಿಯಿತು. ಅದು ಅವಮಾನವಲ್ಲ, ಯಾರೋ ಸೊಟ್ಟಗೆ ಬರೆದದ್ದನ್ನು ಕಂಡಾಗಿನ ಕಿರಿಕಿರಿ. ಅವನ ಗಂಟಲಿಂದ ತುಕ್ಕು ಹಿಡಿದ ದನಿ ಬಂತು.

"ಅಂಗನ್ನಲ್ಲ ಅಣ್ಣ. ಫಿಯರಸ್ ಅಂತ ಪದ ಇಲ್ಲ. ಫಿಯರ್‌ಫುಲ್."

"ಯಾಕಿಲ್ಲ?"

"ಫಿಯರು ಇಂಗ್ಲಿಷ್ನೋರ ಮನೆ ಪದ. ಅದ್ಕೆ ಲ್ಯಾಟಿನ್ ಬಾಲ ಅಂಟಲ್ಲ."

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಎದ್ದುಹೋದಳು. ಯಾಕಪ್ಪಾ ಅದೇ ಪದ ಕೇಳಿದೆ ಎಂದು ನಾನು ಆಮೇಲೆ ಅಪ್ಪನನ್ನು ಕೇಳಿದ್ದುಂಟು. ತಪ್ಪು ಹೇಳಿದರೆ ತಿದ್ದದೆ ಇರಲಾರ, ಚಿಕ್ಕಂದಿನಿಂದಲೂ ಹಾಗೇ, ಅದಕ್ಕೇ ಕೇಳಿದೆ ಎಂದ. ಭಯ ಎನ್ನುವುದು ಯಾಕೆ ಬಾಯಿಗೆ ಬಂತೋ ತನಗೂ ತಿಳಿಯದು ಎಂದ. ನಾನದನ್ನು ನಂಬಿದೆನೋ ಇಲ್ಲವೋ ಈಗ ಹೇಳಲಾರೆ.

ಅಲ್ಲಿಂದ ಅದೇ ನಮ್ಮ ಮನೆಯ ಕ್ರಮವಾಯಿತು. ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ಈಬೂತಿ ಬಳಿದುಕೊಂಡ ಅಪ್ಪ ಕೊಟ್ಟಿಗೆಗೆ ಬಂದು ನನ್ನಿಂದ ಪದ ಇಸಿದುಕೊಳ್ಳುತ್ತಿದ್ದ. ಅಸ್ ಅಂಟದಂಥ ಪದ ಕೊಡು ಎನ್ನುತ್ತಿದ್ದ. ಹಂಗರ್ ಕೊಡುತ್ತಿದ್ದೆ. ಮಧ್ಯಾಹ್ನ ಜಗಲಿಯಲ್ಲಿ ಅಪ್ಪ ಹಂಗರಸ್ ಎನ್ನುತ್ತಿದ್ದ, ಚಿಕ್ಕಪ್ಪ ಹಂಗ್ರಿ ಎಂದು ತಿದ್ದುತ್ತಿದ್ದ. ಸ್ಲೀಪಸ್ ಎಂದರೆ ಸ್ಲೀಪಿ, ರೈನಸ್ ಎಂದರೆ ರೈನಿ. ಹಸಿವು, ನಿದ್ದೆ, ಮಳೆ ಎಲ್ಲವೂ ಇಂಗ್ಲಿಷಿನವರ ಹಳೆಯ ಮನೆಮಾತು, ದೂರದ ಬಾಲ ಅವಕ್ಕೆ ಬೇಕಿಲ್ಲ ಎಂದು ವಿವರಿಸುತ್ತಿದ್ದ. ಒಮ್ಮೆ ಗುಡುಗಿನ ಇಂಗ್ಲಿಷ್ ಪದ ಕೊಟ್ಟೆ, ಅದೂ ಮನೆಪದವೇ ತಾನೇ ಎಂಬ ಧೈರ್ಯದಿಂದ. ಅಪ್ಪ ಥಂಡರಸ್ ಎಂದ. ಚಿಕ್ಕಪ್ಪ ಹೌದೆಂದು ತಲೆಯಾಡಿಸಿ ಅಂಗಳದ ಕಡೆ ತಿರುಗಿದ. ಅದು ಸರಿಯಾಗಿಯೇ ಇತ್ತು. ನಿಯಮ ಮೀರಿದ ಕೆಲವಿರುತ್ತವೆ. ಅವತ್ತಿಡೀ ಮತ್ತೆ ಮಾತಿಲ್ಲ. ಅಪ್ಪ ಸಂಜೆ ನನ್ನ ಮೇಲೆ ರೇಗಿದ, ಚೆನ್ನಾಗಿ ನೋಡಿ ಕೊಡಬಾರದಾ ಎಂದು.

ಇನ್ನೊಂದು ದಿನ ನಾನು ಯೋಚಿಸದೆ ಧೈರ್ಯದ ಪದ ಕೊಟ್ಟೆ, ಕರೇಜ್. ಇ ಉದುರಿಸಿ ಬರೆಯಬೇಕಾ ಎಂದು ಕೇಳು, ಅವನು ತಪ್ಪು ಎನ್ನುತ್ತಾನೆ ಎಂದೆ. ಅಪ್ಪ ಕೇಳಿದ. ಚಿಕ್ಕಪ್ಪ ಇಳಿದು ಬಂದು ಅಂಗಳದ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಫೇಮಿನಲ್ಲಿ ಇ ಉದುರಿದರೂ ಇಲ್ಲಿ ಉದುರಬಾರದು, ಅದು ಹೋದರೆ ಜಕಾರ ಹೋಗಿ ಗಕಾರವಾಗುತ್ತದೆ, ಅದನ್ನು ಮೆತ್ತಗಿಡುವುದೇ ಆ ಇ ಎಂದು ಹೇಳುತ್ತಾ ಬೆರಳಿಂದ ಬರೆಯತೊಡಗಿದ. ಅರ್ಧ ಪದಕ್ಕೆ ಬೆರಳು ನಡುಗಲು ಶುರುವಾಯಿತು. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಅವನು ಅಂಗೈಯಿಂದ ಎಲ್ಲವನ್ನೂ ಅಳಿಸಿದ. ಅಪ್ಪ ಕೋಲು ಹಿಡಿದು ಕಷ್ಟಪಟ್ಟು ಜಗಲಿಯಿಂದಿಳಿದು, ಮಡಿಸಲಾಗದ ಕಾಲನ್ನು ಮುಂದೆ ಚಾಚಿ ಅವನ ಪಕ್ಕ ಮಣ್ಣಲ್ಲಿ ಕೂತ. ಆ ಪದವನ್ನು ಅಪ್ಪ ಮತ್ತೆಂದೂ ಕೇಳಲಿಲ್ಲ.

ನಾನು ಹೈಸ್ಕೂಲು ಮುಗಿಸಿ ಟ್ರೈನಿಂಗಿಗೆಂದು ದಿಂಬಂ ಘಾಟಿ ಇಳಿದು ಹೋದೆ. ರಜೆಗೆ ಬಂದಾಗಲೆಲ್ಲಾ ಅಪ್ಪನಿಗೆ ಪದಗಳನ್ನು ತಂದುಕೊಡುತ್ತಿದ್ದೆ. ಇಂಗ್ಲಿಷ್ ಟೀಚರಾಗಬೇಕೆಂದು ನಾನು ಆಸೆಪಟ್ಟೆನೋ, ಅಥವಾ ಆ ಜಗಲಿಗೆ ತಪ್ಪುಗಳನ್ನು ಹೊಂದಿಸಿ ಹೊಂದಿಸಿ ನನಗೇ ಗೊತ್ತಿಲ್ಲದೆ ಆಗಿಹೋದೆನೋ ತಿಳಿಯದು. ಚಿಕ್ಕಪ್ಪ ಪದಗಳಾಚೆಗೆ ಏನನ್ನೂ ಮಾತಾಡುತ್ತಿರಲಿಲ್ಲ. ಜ್ವರ ಬಂದರೂ ಹೇಳುತ್ತಿರಲಿಲ್ಲ. ಅವನು ಅಪ್ಪನೊಬ್ಬನಿಗೇ ಬಾಯಿ ತೆರೆಯುತ್ತಿದ್ದ, ಅದೂ ತಪ್ಪಿದ್ದರೆ ಮಾತ್ರ. ಪಾಪ ಅವನಿಗೆ ಅಣ್ಣನ ಈ ನಾಟಕ ತಿಳಿಯುವುದಿಲ್ಲ ಎಂದು ಅವ್ವನೂ ನಾನೂ ಅಡುಗೆ ಮನೆಯಲ್ಲಿ ಪಿಸುಗುಡುತ್ತಿದ್ದೆವು.

ಅಪ್ಪನಿಗೆ ಎದೆಯಲ್ಲಿ ಕಫ ಕಟ್ಟಿ, ನೆಗಡಿ ಎಂದುಕೊಂಡದ್ದೇ ಸುಡುವ ಜ್ವರವಾಗಿ, ನಾನು ಸುದ್ದಿ ತಿಳಿದು ಬಸ್ಸು ಹಿಡಿದು ಬರುವಷ್ಟರಲ್ಲಿ ಅಜ್ಜಿಯ ಪಕ್ಕದಲ್ಲಿ ಹೊಸ ಮಣ್ಣಿನ ದಿಬ್ಬ ಎದ್ದಿತ್ತು. ನೆಂಟರು ಬಂದು ಹೋದರು. ಕಾರ್ಯ ಮುಗಿಯಿತು. ಮನೆ ಖಾಲಿಯಾದ ಮಧ್ಯಾಹ್ನ ಚಿಕ್ಕಪ್ಪ ಜಗಲಿಯ ತನ್ನ ತುದಿಯಲ್ಲಿ ಕೂತಿದ್ದ. ಅವನು ಯಾರೊಂದಿಗೂ ಒಂದು ಮಾತೂ ಆಡಿಲ್ಲ, ನೀನಾದರೂ ನೋಡು ಎಂದು ಅವ್ವ ಬೇಡಿಕೊಂಡಳು. ನಾನು ಹೋಗಿ ಅಪ್ಪ ಕೂರುತ್ತಿದ್ದ ಕಡೆ ಕೂತೆ. ದುಃಖಕ್ಕೆ ಇಂಗ್ಲಿಷಿನವರ ಮನೆಮಾತಾದ ಸಾರೋ ಎಂಬ ಪದವನ್ನೇ ಆರಿಸಿಕೊಂಡಿದ್ದೆ.

"ಚಿಕ್ಕಪ್ಪ, ದುಃಖ ತುಂಬ್ಕಂಡಿರೋರ್ಗೆ ಸಾರೋವಸ್ ಅನ್ಬೋದಾ?"

ಅವನು ನನ್ನ ಕಡೆ ತಿರುಗಿ ನೋಡಿದ. ಆ ನೋಟದಲ್ಲಿ ಕಿರಿಕಿರಿ ಇರಲಿಲ್ಲ.

"ನಿಂಗೆ ಗೊತ್ತದಲ್ಲವ್ವ."

ನನಗೆ ಗೊತ್ತಿದ್ದರೇನು, ಅಪ್ಪನಿಗೆ ಹೇಳಿಕೊಟ್ಟಂತೆ ನನಗೂ ಹೇಳು ಎಂದು ನಾನು ಅವನ ಕೈ ಹಿಡಿದುಕೊಂಡೆ. ಅಪ್ಪನಿಗೆ ಗೊತ್ತಿರಲಿಲ್ಲ, ಕಲಿಯಲಿ ಎಂದು ತಿದ್ದುತ್ತಿದ್ದೆಯಲ್ಲ ಎಂದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ.

"ಅಣ್ಣನ್ಗೂ ಗೊತ್ತಿತ್ತು ಕಣವ್ವ. ಕೇಳಕ್ಕೆ ಶುರು ಮಾಡಿದ ಮೊದಲ್ನೇ ಮಳೆಗಾಲಕ್ಕೇ ಎಲ್ಲಾನೂ ಕಲ್ತುಬುಟ್ಟಿದ್ದ. ಆಮ್ಯಾಕೆ ತಪ್ಪು ತಪ್ಪು ಏಳಿದ್ದೆಲ್ಲ ನನ್ಗೋಸ್ಕರ."

ಅವ್ವ ಒಳಗಿನಿಂದ ಊಟಕ್ಕೆ ಕರೆದಳು. ಅವನು ಎದ್ದು ಹೋದ. ಆಮೇಲೆ ಬದುಕಿದ್ದಷ್ಟು ಕಾಲ ಚಿಕ್ಕಪ್ಪ ಯಾರನ್ನೂ ತಿದ್ದಲಿಲ್ಲ.